ಕೆರೆ ದಾಟುವ ಹಲಗೆಗಳು

ಹೋದ ವಾರ ಹಿಂದೂಪುರದ ಪೇಟೆಯಲ್ಲಿ ನನ್ನ ಸ್ಕೂಟರಿನ ಹಿಂದಿನ ಚಕ್ರ ಉಸಿರು ಬಿಟ್ಟಿತು. ಹುಣಸೆಹಣ್ಣಿನ ಮಂಡಿಗಳ ಹತ್ತಿರ ಒಂದು ಪಂಕ್ಚರ್ ಅಂಗಡಿ ಇದೆ. ಅಲ್ಲಿಯವರೆಗೆ ಗಾಡಿಯನ್ನು ತಳ್ಳಿಕೊಂಡು ಹೋಗಿ, ಹಳೆಯ ಟೈರಿನ ಮೇಲೆ ಕೂತೆ. ಅಂಗಡಿಯವನು ತೂತು ಹುಡುಕಿ, ತೇಪೆ ಇಟ್ಟು, ಬಿಸಿ ಮಾಡಲು ಶುರು ಮಾಡಿದ. ಕಾದ ರಬ್ಬರಿನ ವಾಸನೆ ಎದ್ದಿತು. ನಿಮಗೆ ಇದು ಮೂಗು ಮುಚ್ಚಿಕೊಳ್ಳುವ ವಾಸನೆ ಇರಬಹುದು. ನಾನಾದರೋ ಒಮ್ಮೆ ದೀರ್ಘವಾಗಿ ಉಸಿರೆಳೆದುಕೊಂಡೆ. ಅಂಗಡಿಯವನು ನನ್ನನ್ನು ಸ್ವಲ್ಪ ಅನುಮಾನದಿಂದಲೇ ನೋಡಿದ.

ಏನು ಮಾಡಲಿ, ನಾನು ಬೆಳೆದದ್ದೇ ಆ ವಾಸನೆಯಲ್ಲಿ. ನಮ್ಮಪ್ಪನಿಗೆ ಇದೇ ಊರಿನಲ್ಲಿ ಲಾರಿ ಟೈರು, ಟ್ಯೂಬುಗಳ ರಿಪೇರಿ ಅಂಗಡಿ ಇತ್ತು. ಡಿಗ್ರಿ ಮುಗಿಸಿದ ಮೇಲೆ ನಾನೂ ಅಲ್ಲೇ ಕೂತೆ. ಗಾಳಿ ಎಂಬ ವಿಷಯದಲ್ಲಿ ನನಗಿಂತ ಬಲ್ಲವರಿಲ್ಲ ಎಂಬುದು ಆಗ ನನ್ನ ಖಚಿತವಾದ ಅಭಿಪ್ರಾಯವಾಗಿತ್ತು. ಆ ಅಭಿಪ್ರಾಯ ಕಲ್ಯಾಣದುರ್ಗದ ಕಡೆಯ ಒಂದು ಕೆರೆಯಲ್ಲಿ ಮುಳುಗಿದ ಕಥೆ ಹೇಳುತ್ತೇನೆ. ಕಥೆ ನನ್ನದಲ್ಲ, ನಮ್ಮಕ್ಕ ಸುನಂದಳದು. ನಾನು ಅದರಲ್ಲಿ ಹಿಂದೆ ಹಿಂದೆ ಬರುವವನು ಮಾತ್ರ. ಹಿಂದೆ ಎಂದರೆ ಬಹಳ ಹಿಂದೆ. ಅದು ಯಾಕೆಂದು ನಿಮಗೇ ತಿಳಿಯುತ್ತದೆ.

ಅಕ್ಕನಿಗೆ ಚಿಕ್ಕಂದಿನಿಂದ ನೀರೆಂದರೆ ಆಗದು. ಮಳೆ ಬಂದು ನಮ್ಮ ಬೀದಿಯ ಮೋರಿ ತುಂಬಿದರೆ, ಅದು ಇಳಿಯುವ ತನಕ ಈ ಕಡೆಯೇ ನಿಂತಿರುತ್ತಿದ್ದಳು. ಸ್ಕೂಲಿನವರು ಒಮ್ಮೆ ಯಾವುದೋ ಡ್ಯಾಮು ತೋರಿಸಲು ಕರೆದುಕೊಂಡು ಹೋದಾಗ ಇವಳು ಬಸ್ಸಿನಿಂದ ಇಳಿಯಲೇ ಇಲ್ಲ. ಕಲ್ಯಾಣದುರ್ಗದಿಂದ ಬೆಳುಗುಪ್ಪದ ಕಡೆ ಹೋಗುವ ದಾರಿಯ ಒಂದು ಹಳ್ಳಿಯಿಂದ ಸಂಬಂಧ ಬಂದಾಗ, ಊರ ಮುಂದೆ ದೊಡ್ಡ ಕೆರೆ ಇದೆ ಎಂದು ಕೇಳಿ ಅವಳ ಮುಖ ಇಳಿದುಹೋಯಿತು. ಹುಡುಗನ ಕಡೆಯವರು ನಕ್ಕರು. "ಕೆರೆ ಐತೆ ಕಣಮ್ಮ, ನೀರೆಲ್ಲೈತೆ? ನಾವು ಅದರೊಳಗೇ ನಡ್ಕೊಂಡು ಟಾರ್ ರಸ್ತೆಗೆ ಹೋಯ್ತೀವಿ" ಎಂದರು. ನೀರಿಲ್ಲ ಎಂಬ ಮಾತು ಕೇಳಿ ಸಂತೋಷದಿಂದ ಒಪ್ಪಿಕೊಂಡ ಹೆಣ್ಣು ನಮ್ಮ ಅನಂತಪುರ ಜಿಲ್ಲೆಯಲ್ಲೇ ಇವಳೊಬ್ಬಳಿರಬೇಕು.

ಭಾವ ರಾಮಾಂಜಿ ಬಡಗಿ. ಬಾಗಿಲು, ಕಿಟಕಿ, ಮಂಚ ಮಾಡುತ್ತಿದ್ದ. ದೊಡ್ಡ ದೇಹ, ಅದಕ್ಕಿಂತ ದೊಡ್ಡ ನಗು. ಅಕ್ಕ ಮದುವೆಯಾಗಿ ಹೋದ ಎರಡನೆಯ ವರ್ಷಕ್ಕೆ ಮನೆಯ ಜಗಲಿಯ ಮೇಲೆ ಹಾಲಿನ ಕೇಂದ್ರ ಶುರು ಮಾಡಿದಳು. ಊರಿನ ಹೆಂಗಸರು ಬೆಳಿಗ್ಗೆ ಹಾಲು ತಂದು ಹಾಕುತ್ತಿದ್ದರು. ಇವಳು ಅಳೆದು ಕ್ಯಾನಿಗೆ ತುಂಬಿಸಿ, ಒಣಗಿದ ಕೆರೆಯ ಒಳದಾರಿಯಲ್ಲಿ ಸೈಕಲ್ಲಿನ ಮೇಲೆ ಕಳಿಸುತ್ತಿದ್ದಳು. ಆಚೆ ದಡದ ಟಾರ್ ರಸ್ತೆಗೆ ಡೈರಿಯ ವ್ಯಾನು ಬಂದು ಒಯ್ಯುತ್ತಿತ್ತು. ಊರಿನವರು ಅವಳನ್ನು ರಾಮಾಂಜಿಯ ಹೆಂಡತಿ ಎನ್ನುವುದನ್ನು ಬಿಟ್ಟು 'ಪಾಲಸುನಂದಮ್ಮ' ಎನ್ನತೊಡಗಿದ್ದರು. ಪಾಲು ಎಂದರೆ ತೆಲುಗಿನಲ್ಲಿ ಹಾಲು. ಅಕ್ಕ ಆ ಹೆಸರನ್ನು ನಮಗೆ ಹೇಳುವಾಗ ಏನೋ ದೂರು ಹೇಳುವವಳಂತೆ ಹೇಳುತ್ತಿದ್ದಳು. ಕಣ್ಣು ಮಾತ್ರ ಬೇರೆಯೇ ಹೇಳುತ್ತಿತ್ತು.

ಆಮೇಲೆ ಆ ವರ್ಷದ ಮಳೆ ಬಂತು. ಎರಡು ಸಾವಿರದ ಇಸವಿ ಕಳೆದು ನಾಲ್ಕೈದು ವರ್ಷವಾಗಿತ್ತು. ನಮ್ಮ ಸೀಮೆಯಲ್ಲಿ ಮಳೆ ಬರುವುದೇ ಸುದ್ದಿ. ಅಂಥದ್ದರಲ್ಲಿ ಕೆರೆ ತುಂಬಿ ಕೋಡಿ ಬಿದ್ದಿತು. ಜಾಲಿ ಮರಗಳ ತಲೆ ಮಾತ್ರ ನೀರಿನ ಮೇಲೆ ಉಳಿಯಿತು. ಸೈಕಲ್ಲಿನ ದಾರಿ ತಳಕ್ಕೆ ಹೋಯಿತು. ಕೋಡಿಯ ರಭಸಕ್ಕೆ ಕಟ್ಟೆಯ ಮೇಲಿನ ದಾರಿಯೂ ತುಂಡಾಯಿತು. ಪಕ್ಕದ ಊರಿನ ಮೇಲೆ ಸುತ್ತಿಕೊಂಡು ಟಾರ್ ರಸ್ತೆ ಮುಟ್ಟುವಷ್ಟರಲ್ಲಿ ಹಾಲು ಒಡೆಯುತ್ತಿತ್ತು. ವ್ಯಾನಿನ ಡ್ರೈವರು ಒಳ್ಳೆಯವನೇ, ಆದರೆ ಅವನಿಗೂ ಮುಂದೆ ಊರುಗಳಿದ್ದವು. ಹಾಲು ಹೊತ್ತಿಗೆ ಸರಿಯಾಗಿ ಬರದಿದ್ದರೆ ಈ ಸ್ಟಾಪು ತೆಗೆದುಹಾಕುತ್ತಾರೆ ಎಂದು ಹೇಳಿಬಿಟ್ಟ.

ಅಂಗಡಿಗೆ ಅಕ್ಕನ ಫೋನು ಬಂತು. "ಅಪ್ಪನ್ನ ಕೇಳಿ ಒಳ್ಳೇ ಲಾರಿ ಟ್ಯೂಬು ತಗಂಡು ಬಾರೋ. ನಿಮ್ ಭಾವ ಒಂದು ಹಲಗೆ ಮಾಡವ್ರೆ. ಅದನ್ನ ನೋಡಿದ್ರೇ ನಂಗೆ ತಲೆ ತಿರುಗ್ತೈತೆ" ಎಂದಳು.

ಗಾಳಿ ತೆಗೆದ ಟ್ಯೂಬುಗಳನ್ನು ಮಡಚಿ ಚೀಲಕ್ಕೆ ತುಂಬಿಕೊಂಡು ರೊದ್ದಂ ಮೇಲೆ ಹೋಗುವ ಕಲ್ಯಾಣದುರ್ಗದ ಬಸ್ಸು ಹತ್ತಿದೆ. ಕಂಡಕ್ಟರು "ಏಮಪ್ಪಾ ಇದಿ, ಕೊಂಡಚಿಲುವನಾ?" ಎಂದು ಕೇಳಿದ. ಕೊಂಡಚಿಲುವ ಎಂದರೆ ಹೆಬ್ಬಾವು. ಬಸ್ಸೆಲ್ಲ ನಕ್ಕಿತು. ನಾನು ಯಾವುದೋ ದೊಡ್ಡ ಕಾರ್ಯಕ್ಕೆ ಹೊರಟ ಎಂಜಿನಿಯರನ ಗಾಂಭೀರ್ಯದಲ್ಲಿದ್ದೆ. ಅಂಥವರು ಇಂಥದ್ದಕ್ಕೆಲ್ಲ ಉತ್ತರ ಕೊಡುವುದಿಲ್ಲ.

ಭಾವನ ಹಲಗೆಯನ್ನು ನೋಡಿದೆ. ಉದ್ದ ಬಾಳೆಲೆಯ ಹಾಗೆ ಕಿರಿದಾಗಿ, ಮೂತಿ ಚೂಪಾಗಿ ಇತ್ತು. ಮೇಲೆ ತೆಳು ಹಲಗೆ, ಕೆಳಗೆ ಥರ್ಮಾಕೋಲು, ಸುತ್ತ ಡಾಂಬರು ಮೆತ್ತಿದ ಗೋಣಿ. ಅದರ ಮೇಲೆ ನಿಂತು, ತುದಿಗೆ ಅಗಲ ಪಟ್ಟಿ ಬಡಿದ ಬಿದಿರಿನ ಗಳದಿಂದ ನೀರು ತಳ್ಳಬೇಕು. "ಯಾಕೆ ಭಾವ, ಕೂತ್ಕೊಂಡು ಹೋಗೋಕಾಗಲ್ವಾ?" ಎಂದೆ. "ಕೂತ್ರೆ ಜಾಲಿ ಮುಳ್ಳು ಕಾಣಲ್ಲ ಕಣಪ್ಪ. ಮರದ ತಲೆ ನೀರೊಳಗೇ ಅವೆ. ನಿಂತೇ ನೋಡ್ಕಂಡು ಹೋಗ್ಬೇಕು" ಎಂದ.

ನಾನು ಅಕ್ಕನ ಪಕ್ಷ. ನಾಲ್ಕು ಮೂಲೆಗೆ ಗಾಳಿ ತುಂಬಿದ ಟ್ಯೂಬು ಕಟ್ಟಿ, ಮೇಲೆ ಭಾವನೇ ಯಾರಿಗೋ ಮಾಡಿಟ್ಟಿದ್ದ ಬಾಗಿಲು ಮಲಗಿಸಿದೆ. ಅದರ ಮೇಲೆ ನಾನು ಕುಣಿದರೂ ಅಲುಗಲಿಲ್ಲ. ಅಕ್ಕ ದಡದಲ್ಲೇ ನಿಂತು "ಇದು ಸರಿ, ಇದು ಮನೆ ಇದ್ದಂಗೈತೆ" ಎಂದಳು. ಭಾವ ಬಗ್ಗಿ ನೋಡಿ, "ಮನೇನೇ ಬಿಡು. ಮನೆ ಯಾವತ್ತಾದ್ರೂ ಎಲ್ಲಿಗಾದ್ರೂ ಹೋಯ್ತದಾ?" ಎಂದ.

ಭಾನುವಾರ ಪರೀಕ್ಷೆ ಎಂದಾಯಿತು. ಕ್ಯಾನುಗಳಿಗೆ ಹಾಲಿನ ಬದಲು ನೀರು ತುಂಬಿಸಿದೆವು. ಅಕ್ಕನ ಅತ್ತೆ ನರಸಮ್ಮ, "ಹಾಲಿನ ಕ್ಯಾನಿಗೆ ನೀರು ಹಾಕೋದ್ನ ಇಷ್ಟು ಜನದ ಮುಂದೆ ಮಾಡ್ತಿರೋದು ಇದೇ ಮೊದ್ಲು" ಎಂದಳು. ಊರಿಗೆ ಊರೇ ದಡದಲ್ಲಿ ಸೇರಿತ್ತು. ಭಾವ ಹಲಗೆಯ ಮೇಲೆ ನಿಂತು ಗಳ ಎಳೆದ. ನೀರು ಸೀಳಿಕೊಂಡು ಹಲಗೆ ಹೊರಟಿತು ನೋಡಿ, ನನಗೇ ಚಪ್ಪಾಳೆ ತಟ್ಟಬೇಕೆನಿಸಿತು. ಕೆರೆಯ ನಡುವೆ ಹೋಗಿ, ನಾವೆಲ್ಲ ನೋಡುತ್ತಿದ್ದೇವೆಯೇ ಎಂದು ಅವನು ಹಿಂದಕ್ಕೆ ತಿರುಗಿದ. ಅಷ್ಟೇ. ಮನುಷ್ಯ ಒಂದು ಕಡೆ, ಕ್ಯಾನು ಒಂದು ಕಡೆ. ಆಮೇಲೆ ನಾನು ಹತ್ತಿ ಹೊರಟ ಬಾಗಿಲು ಬೀಳಲಿಲ್ಲ. ಬೀಳಲಿಲ್ಲ ಎಂಬುದನ್ನು ಬಿಟ್ಟರೆ ಅದರ ಬಗ್ಗೆ ಹೇಳುವುದಕ್ಕೆ ಹೆಚ್ಚೇನೂ ಇಲ್ಲ. ಬಲಕ್ಕೆ ತಳ್ಳಿದರೆ ಎಡಕ್ಕೆ ಸುತ್ತಿತು, ಎಡಕ್ಕೆ ತಳ್ಳಿದರೆ ಬಲಕ್ಕೆ ಸುತ್ತಿತು. ರಾಗಿ ಬೀಸುವ ಕಲ್ಲಿನ ಹಾಗೆ ತಿರುಗುತ್ತಾ ಆಚೆ ದಡ ಸೇರುವ ಹೊತ್ತಿಗೆ, ಈಚೆ ದಡದ ಜನ ಊಟಕ್ಕೆ ಹೋಗಿದ್ದರು.

ಆ ಸಂಜೆ ನರಸಮ್ಮ ತೀರ್ಪು ಕೊಟ್ಟಳು. "ಒಂದು ಹೋಯ್ತದೆ, ಬೀಳ್ತದೆ. ಇನ್ನೊಂದು ಬೀಳಾಕಿಲ್ಲ, ಹೋಗಾಕೂ ಇಲ್ಲ. ಇಬ್ರೂ ಸೇರಿ ನನ್ನ ಸೊಸೆ ಹಾಲು ಕೆಡಿಸ್ತೀರಿ."

ಹಾಗೆಯೇ ಆಯಿತು. ಬಿದ್ದಾಗ ಭಾವನ ಪಾದಕ್ಕೆ ಜಾಲಿ ಮುಳ್ಳು ಹೊಕ್ಕು, ಮಾರನೆಯ ದಿನಕ್ಕೆ ಕಾಲು ಬಾತುಕೊಂಡಿತು. ಮುಂದಿನ ಎರಡು ದಿನ ಹಾಲನ್ನು ನನ್ನ ಬಾಗಿಲಿನ ಮೇಲೆಯೇ ಸಾಗಿಸಿದೆವು. ಎರಡು ಸಲವೂ ವ್ಯಾನು ಹೋಗಿಬಿಟ್ಟಿತ್ತು. ಒಡೆದ ಹಾಲನ್ನು ಬೆಲ್ಲ ಹಾಕಿ ಕಾಯಿಸಿ ಮನೆಮನೆಗೂ ಹಂಚಿದರು. ತಿಂದವರು ಚೆನ್ನಾಗಿದೆ ಎಂದರು. ಅಕ್ಕ ಮಾತ್ರ ತಿನ್ನಲಿಲ್ಲ. ನಾಳೆಯೂ ಹಾಲು ಸಿಗದಿದ್ದರೆ ಇನ್ನು ಈ ಕಡೆ ನಿಲ್ಲಿಸುವುದಿಲ್ಲವೆಂದು ಡ್ರೈವರು ಹೇಳಿಕಳಿಸಿದ್ದ. ಅವಳು ಜಗಲಿಯ ಮೇಲೆ ಕ್ಯಾನುಗಳ ಪಕ್ಕದಲ್ಲಿ ಸುಮ್ಮನೆ ಕೂತಿದ್ದಳು. ಅವಳು ಹಾಗೆ ಕೂತದ್ದನ್ನು ನಾನು ನೋಡಿರಲಿಲ್ಲ. ಭಾವ ಕುಂಟುತ್ತಾ ಬಂದು ತನ್ನ ಉದ್ದ ಹಲಗೆಯನ್ನು ಬೋರಲು ಹಾಕಿ, ಹಿಂತುದಿಗೆ ಮೀನಿನ ರೆಕ್ಕೆಯಂಥ ಒಂದು ಪಟ್ಟಿ ಬಡಿದ. ನೆಟ್ಟಗೆ ಹೋಗಲಿ ಎಂದು. ಕ್ಯಾನುಗಳನ್ನು ಮಲಗಿಸಿ ಬಿಗಿಯಾಗಿ ಕಟ್ಟುವುದಕ್ಕೆ ಗೂಟಗಳನ್ನೂ ಹಾಕಿದ. ಭಾರ ಕೆಳಗಿದ್ದರೆ ಅಲುಗಾಟ ಕಡಿಮೆ ಎಂದ. ಹಲಗೆಯೇನೋ ಸಿದ್ಧವಾಯಿತು. ನಿಲ್ಲುವವರು ಯಾರು?

ಬೆಳಿಗ್ಗೆ ನಾನು ಮುಂದೆ ಬಂದೆ. ಅಂಗಿ ಬಿಚ್ಚಿ, ಹಲಗೆಯ ಮೇಲೆ ಕಾಲಿಟ್ಟೆ. ನಿಂತೆ ಎಂದೇ ನನ್ನ ನೆನಪು. ನರಸಮ್ಮ ಇವತ್ತಿಗೂ ಅದನ್ನು ಒಪ್ಪುವುದಿಲ್ಲ. ನೀರಿನಿಂದ ತಲೆ ಎತ್ತಿದಾಗ ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದಳು.

"ಸರಿ, ಎದ್ದೇಳೋ. ನಾನೇ ಹೋಯ್ತೀನಿ."

"ನೀನಾ? ಹುಚ್ಚಾ ನಿಂಗೆ?" ಎಂದ ಭಾವ. "ಆಳುದ್ದ ನೀರೈತೆ ಕಣೆ!"

"ಐತೆ, ನೋಡ್ತಾ ಇದೀನಲ್ಲ. ಈ ಕೇಂದ್ರ ನಂದು. ಹಾಲು ಹಾಕ್ದೋರು ನನ್ನ ಮೊಕ ನೋಡಿ ಹಾಕವ್ರೆ. ನಿಮ್ಮೆಲ್ಲರಿಗಿಂತ ನಾನೇ ಹಗುರ ಇದೀನಿ. ಕಟ್ರಿ ಕ್ಯಾನು."

ನಾನು ತಂದಿದ್ದರಲ್ಲಿ ಒಂದು ಸಣ್ಣ ಕಾರಿನ ಟ್ಯೂಬಿತ್ತು. ಅದಕ್ಕೆ ಗಾಳಿ ತುಂಬಿಸಿ ಅವಳ ಸೊಂಟಕ್ಕೆ ತೊಡಿಸಿ, ಹೆಗಲ ಮೇಲೆ ಹಗ್ಗ ಕಟ್ಟಿದೆವು. ಹಸಿರು ಸೀರೆ, ಕಪ್ಪು ಟ್ಯೂಬು, ಹಣೆಗೆ ಕುಂಕುಮ. ನಗಬೇಕಿದ್ದ ನೋಟ. ಒಬ್ಬರೂ ನಗಲಿಲ್ಲ. ಮೊದಲು ಮಂಡಿಯೂರಿದಳು. ಭಾವ ಹಲಗೆಯನ್ನು ಮೆಲ್ಲಗೆ ತಳ್ಳಿದ. ಒಂದೆರಡು ಸಲ ನೀರೆಳೆದ ಮೇಲೆ, ಹಲಗೆ ಓಡತೊಡಗಿದ ಮೇಲೆ, ಅವಳು ಒಂದು ಕಾಲು ಊರಿ, ಇನ್ನೊಂದು ಕಾಲು ಊರಿ, ಎದ್ದು ನಿಂತಳು. ಹಲಗೆ ನಡುಗಿತು. ಅವಳು ಗಳ ನಿಲ್ಲಿಸಲಿಲ್ಲ. ನಡುಕ ನಿಂತಿತು.

ಅವಳು ಬಿದ್ದರೆ ಹಿಡಿಯಬೇಕಲ್ಲ, ನಾನು ನನ್ನ ಬಾಗಿಲು ಹತ್ತಿ ಹಿಂದೆ ಹೊರಟೆ. ಒಂದು ಸುತ್ತು ತಿರುಗಿದಾಗ ಅಕ್ಕನ ಬೆನ್ನು ಕಾಣುತ್ತಿತ್ತು, ಅರ್ಧ ಸುತ್ತಿಗೆ ಊರು ಕಾಣುತ್ತಿತ್ತು. ಪ್ರತಿ ಸುತ್ತಿಗೂ ಅವಳ ಬೆನ್ನು ಚಿಕ್ಕದಾಗುತ್ತಿತ್ತು. ನಡುನೀರಿಗೆ ಹೋಗುವ ಹೊತ್ತಿಗೆ ಯಾರದ್ದೋ ಎಮ್ಮೆಗಳು ಆ ಕಡೆಯ ದಡದಿಂದ ದಬದಬನೆ ನೀರಿಗೆ ಇಳಿದವು. ಅಲೆಗಳು ಒಂದರ ಹಿಂದೆ ಒಂದು ಬಂದವು. ಹಲಗೆಯ ಮೂತಿ ಮೇಲೆದ್ದಿತು. ಹಿಂದಿನಿಂದ ಭಾವ ಎದೆ ಒಡೆಯುವ ಹಾಗೆ ಕೂಗಿದ. "ಕೂತ್ಕೋ! ಸುನಂದಾ, ಕೂತ್ಕೋ!"

ಅವಳು ಕೂರಲಿಲ್ಲ. ಮೊಣಕಾಲು ಸ್ವಲ್ಪ ಬಗ್ಗಿಸಿದಳು, ಅಷ್ಟೇ. ಎಮ್ಮೆಗಳನ್ನಾಗಲಿ ಹಲಗೆಯನ್ನಾಗಲಿ ನೋಡದೆ, ನೇರ ರಸ್ತೆಯ ಕಡೆ ನೋಡುತ್ತಾ ಎಳೆಯುತ್ತಲೇ ಇದ್ದಳು. ವ್ಯಾನು ಅಷ್ಟರಲ್ಲಿ ಹೊರಟು ಹಿಂದಕ್ಕೆ ತಿರುಗಿಕೊಳ್ಳುತ್ತಿತ್ತು. ಅರ್ಧ ತಿರುಗಿದ್ದು ಹಾಗೆಯೇ ನಿಂತಿತು. ಡ್ರೈವರು ಬಾಗಿಲು ತೆಗೆದು ಕೆಳಗಿಳಿದ. ನೀರಿನ ಅಂಚಿಗೆ ಓಡಿಬಂದು, ಎರಡೂ ಕೈ ಎತ್ತಿ, ಕೆರೆಗೆಲ್ಲ ಕೇಳುವಂತೆ ಕೂಗಿದ.

"ಅಮ್ಮಾ, ಮೆಲ್ಲಗಾ ರಾಮ್ಮಾ! ನೇನೆಕ್ಕಡಿಕೀ ಪೋನು!"

ನಿಧಾನವಾಗಿ ಬಾರಮ್ಮ, ನಾನೆಲ್ಲಿಗೂ ಹೋಗುವುದಿಲ್ಲ ಎಂದು.

ನಾನು ಆಚೆ ದಡ ಮುಟ್ಟುವಾಗ ಕ್ಯಾನು ಏರಿಸಿ ಆಗಿತ್ತು. ವ್ಯಾನು ಹೋಗಿಯೂ ಆಗಿತ್ತು. ಅಕ್ಕ ಟ್ಯೂಬು ಬಿಚ್ಚದೆ ಕಲ್ಲಿನ ಮೇಲೆ ಕೂತು, ಡ್ರೈವರು ಕೊಟ್ಟ ಬಿಸ್ಕತ್ತು ತಿನ್ನುತ್ತಿದ್ದಳು. ನಾನು ಏನೋ ಹೇಳಹೋದೆ. "ಬಾರೋ, ನೀನು ಆ ಮನೆ ಬಿಟ್ಟು ಇದರ ಮೇಲೆ ಬಾ" ಎಂದು ನಕ್ಕಳು. ವಾಪಸ್ಸು ಬಂದಾಗ ನರಸಮ್ಮ ಟವೆಲು ಹಿಡಿದು ದಡದಲ್ಲಿ ಕಾಯುತ್ತಿದ್ದಳು. ಸೊಸೆಯ ತಲೆಯನ್ನು ಗಸಗಸ ಒರೆಸಿದಳು. ತಲೆ ಒಂದು ಹನಿಯೂ ನೆನೆದಿರಲಿಲ್ಲ. ಒರೆಸುತ್ತಿದ್ದವಳ ಕಣ್ಣೇ ಒದ್ದೆಯಾಗಿತ್ತು.

ನೀರು ಇಳಿಯುವವರೆಗೂ ಅಕ್ಕನೇ ದಿನಾ ಹೋದಳು. ಭಾವ ಅಂಥದ್ದೇ ಇನ್ನೊಂದು ಹಲಗೆ ಮಾಡಿ, ಸ್ವಲ್ಪ ಅಗಲ ಇಟ್ಟ. ಅದು ನನಗೆ. ವೇಗವೂ ಬೇಕು, ಬೀಳಲೂ ಬಾರದು ಎನ್ನುವವರಿಗೆ ಅಂಥದ್ದು ಸರಿ ಎಂದ. ನಾನು ಅದರ ಮೇಲೂ ಒಮ್ಮೆ ಬಿದ್ದೆ. ಬಾಗಿಲನ್ನು ತೊಳೆದು ಒಣಗಿಸಿ, ಹೇಳಿ ಮಾಡಿಸಿದವರ ಮನೆಗೆ ಕೂರಿಸಿದರು. ಕೆರೆ ಸುತ್ತಿದ ಬಾಗಿಲೆಂದು ಆ ಮನೆಯವರು ಬಂದವರಿಗೆಲ್ಲ ತೋರಿಸುತ್ತಿದ್ದರಂತೆ.

ಈ ಕಥೆಯನ್ನು ನಾನು ಮದುವೆ ಮುಂಜಿಗಳಲ್ಲಿ ಎಷ್ಟು ಸಲ ಹೇಳಿದ್ದೇನೋ. ಹೇಳುವಾಗಲೆಲ್ಲ ನೀರಿಗೆ ಹೆದರುವ ಹೆಣ್ಣು ಹಲ್ಲು ಕಚ್ಚಿಕೊಂಡು, ಜೀವ ಕೈಯಲ್ಲಿ ಹಿಡಿದುಕೊಂಡು ಕೆರೆ ದಾಟಿದಳು ಎಂದೇ ಹೇಳುತ್ತಿದ್ದೆ. ಕೇಳಿದವರು ತಲೆದೂಗುತ್ತಿದ್ದರು. ಹೋದ ವಾರ ಪಂಕ್ಚರ್ ಅಂಗಡಿಯಲ್ಲಿ ಕೂತವನಿಗೆ ಅವಳ ದನಿ ಕೇಳಬೇಕೆನಿಸಿ ಫೋನು ಮಾಡಿದೆ. ಊರಿನ ಮಾತು, ಮೊಮ್ಮಗಳ ಹಲ್ಲಿನ ಮಾತು, ಭಾವನ ಮಂಡಿನೋವಿನ ಮಾತು ಎಲ್ಲ ಆಯಿತು. ಆಮೇಲೆ, ಇಷ್ಟು ವರ್ಷ ಒಮ್ಮೆಯೂ ಕೇಳದಿದ್ದದ್ದನ್ನು ಕೇಳಿದೆ.

"ಅಕ್ಕಾ, ಅವತ್ತು ಆ ಎಮ್ಮೆಗಳು ನೀರಿಗೆ ಇಳಿದಾಗ ಬಹಳ ಹೆದರಿದ್ಯಾ?"

ಅವಳು ಫೋನು ಹಿಡಿದು ಜಗಲಿಗೆ ಬಂದ ಸದ್ದು ಕೇಳಿಸಿತು.

"ಎದ್ದು ನಿಲ್ಲೋಗಂಟ ಹೆದರಿದ್ದೆ ಕಣೋ. ನಿಂತ್ಮೇಲೆ ಇಲ್ಲ. ನೀರು ಎಷ್ಟು ಸಪಾಟಾಗಿತ್ತು ಅಂತೀಯ, ಆಕಾಶ ಎಲ್ಲಾ ಕೆಳಗೇ ಇತ್ತು. ಹಿಂದಿಲ್ಲ, ಮುಂದಿಲ್ಲ, ನಾನೊಬ್ಳೇ. ಯಾರಿಗೂ ಹೇಳಿಲ್ಲ ಇದ್ನ. ಆ ಡ್ರೈವರು ಕೂಗಿದ್ನಲ್ಲ, ಆಗ ನಂಗೆ ಎಷ್ಟು ಬೇಜಾರಾಯ್ತು ಗೊತ್ತಾ? ಅಯ್ಯೋ, ದಡ ಬಂದ್ಬುಡ್ತಲ್ಲ ಅಂತ."

ಭಾವ ಒಳಗಿಂದ ಏನೋ ಕೇಳಿದ. ಬತ್ತೀನಿ ಇರ್ರಿ ಎಂದು ಅವನಿಗೆ ಹೇಳುತ್ತಲೇ ಅಕ್ಕ ಫೋನಿಟ್ಟಳು. ನಾನು ಫೋನು ಹಿಡಿದುಕೊಂಡೇ ಕೂತಿದ್ದೆ. ಅವಳ ಬೆನ್ನನ್ನಷ್ಟೇ ನೋಡಿದ್ದವನು ನಾನು. ಅವಳ ಮುಖದ ಮೇಲೆ ಅವತ್ತು ಏನಿತ್ತೆಂಬುದನ್ನು ಇಷ್ಟು ವರ್ಷ ನಾನೇ ಬರೆದುಕೊಂಡಿದ್ದೆ. ತಪ್ಪಾಗಿ ಬರೆದುಕೊಂಡಿದ್ದೆ ಎಂದು ತಿಳಿದದ್ದು ಯಾಕೋ ಬಹಳ ಹಿತವಾಗಿತ್ತು. ಅಂಗಡಿಯವನು "ಅಣ್ಣಾ, ಗಾಡಿ ರೆಡಿ" ಎಂದು ಎರಡು ಸಲ ಹೇಳಬೇಕಾಯಿತು.