ರಿಟೈರಾದವರ ಗೈರುಹಾಜರಿ

ನಂಜನಗೂಡಿನ ಕಾರ್ಖಾನೆಯೊಂದರ ಸ್ಟೋರಿನಲ್ಲಿ ನಾನು ಗುಮಾಸ್ತನಾಗಿದ್ದೆ. ಸರಕಿನ ಲೆಕ್ಕಕ್ಕೆ ತೊಂಬತ್ತರ ದಶಕದ ಒಂದು ಪ್ರೋಗ್ರಾಮಿತ್ತು. ಕಪ್ಪು ಪರದೆ, ಹಸಿರು ಅಕ್ಷರ, ಮೌಸ್ ಅಲ್ಲಾಡಿಸಿದರೆ ತಿರುಗಿಯೂ ನೋಡುತ್ತಿರಲಿಲ್ಲ. ಬರೆದ ಪುಣ್ಯಾತ್ಮ ಅಂದಿನ ಸ್ಟೋರ್‌ಕೀಪರ್ ಹೆಸರೊಂದನ್ನೇ ಅದರೊಳಗೆ ಕೂರಿಸಿ ಹೋಗಿದ್ದ. ಆ ಯಜಮಾನರು ರಿಟೈರಾಗಿ ಸೋಸಲೆಯಲ್ಲಿ ಗದ್ದೆ ನೋಡಿಕೊಂಡಿದ್ದರೂ ನಾವೆಲ್ಲ ಅವರ ಹೆಸರು, ಅವರ ಪಾಸ್‌ವರ್ಡ್ ಒತ್ತಿಯೇ ಕೆಲಸ ಶುರುಮಾಡುತ್ತಿದ್ದೆವು.

ಎರಡು ಸಾವಿರದ ಇಸವಿಯ ಈಚೆಗೆ ಹೆಡ್ಡಾಫೀಸಿನವರು ಹೊಸ ಏರ್ಪಾಡು ತಂದರು. ಬೆಳಗ್ಗೆ ಒಂದು ಸಲ ಪಾಸ್‌ವರ್ಡ್ ಕೊಟ್ಟರೆ ಮೇಲ್, ರಜೆ, ಹಾಜರಿ ಎಲ್ಲ ತಾನಾಗಿ ತೆರೆದುಕೊಳ್ಳಬೇಕು. ನಮ್ಮ ಹಳೇ ಪ್ರೋಗ್ರಾಮು ಮಾತ್ರ ಜಪ್ಪಯ್ಯ ಅಂದರೂ ಒಗ್ಗಲಿಲ್ಲ. ಅದಕ್ಕೆಂದೇ ಬಂದ ಇಂಜಿನಿಯರ್ ಹುಡುಗಿ ನಡುವೆ ಒಂದು ಸಣ್ಣ ಪ್ರೋಗ್ರಾಮು ಇಟ್ಟಳು. ಯಾರೇ ಬಂದರೂ ಅದು 'ಯಜಮಾನರು ಬಂದರು' ಎಂದು ಹಳೆಯದಕ್ಕೆ ಹೇಳಿ ಒಳಗೆ ಬಿಡಿಸುತ್ತಿತ್ತು. ಹಾಗಾಗಬೇಕಾದರೆ ಅವರ ಹೆಸರು ಹೊಸ ಸಿಬ್ಬಂದಿ ಪಟ್ಟಿಯಲ್ಲಿ ಇರಬೇಕಿತ್ತು. ಸೇರಿಸಿದಳು.

ಹಾಜರಿಯೂ ಅದೇ ಪಟ್ಟಿ ನೋಡುತ್ತದೆ ಅನ್ನುವುದು ಯಾರಿಗೂ ಹೊಳೆಯಲಿಲ್ಲ. ದಿನಾ ಗೈರಾಗುವ ನೌಕರನೆಂದು ಕಂಪ್ಯೂಟರು ಒಂದು ಸೋಮವಾರ ಯಜಮಾನರನ್ನು ಸಸ್ಪೆಂಡ್ ಮಾಡಿತು. ಅವರ ಜೊತೆಗೆ ಸ್ಟೋರೂ ಬಂದ್ ಆಯಿತು. ಗೇಟಿನ ಹೊರಗೆ ಲಾರಿಗಳು ಸಾಲುಗಟ್ಟಿದವು. ಇಂಜಿನಿಯರಿಗೆ ಫೋನ್ ಮಾಡಿದರೆ, "ನಾನು ನಾಳೆ ಬರ್ತೀನಿ. ಅಲ್ಲಿವರೆಗೆ ಸಸ್ಪೆನ್ಷನ್ ಹೋಗಬೇಕಾದ್ರೆ ಅವರು ರಜ ಕೇಳಬೇಕು, ಇಲ್ಲಾ ಖುದ್ದು ಬಂದು ಹಾಜರಿ ಹಾಕಬೇಕು" ಅಂದಳು.

ನರಸೀಪುರದ ಬಸ್ ಹತ್ತಿ, ಅಲ್ಲಿಂದ ಸೋಸಲೆಗೆ ಹೋದೆ. ಯಜಮಾನರು ಗದ್ದೆಯಿಂದ ಆಗತಾನೆ ಬಂದು ಕಾಲು ತೊಳೆಯುತ್ತಿದ್ದರು. ವಿಷಯ ಹೇಳಿದೆ.

"ರಿಟೈರಾದೋನ್ಗೆ ಯಾತರ ರಜ್ವಲಾ?"

"ಒಂದಿನಕ್ಕೆ ಕೇಳಿದ್ರೆ ಸಾಕು ಸಾ."

"ಆಗಕಿಲ್ಲ. ಸರ್ವೀಸಲ್ಲಿದ್ದಾಗ್ಲೇ ಸುಮ್‌ಸುಮ್ನೆ ರಜ ಕೇಳ್ದೋನಲ್ಲ ನಾನು."

ಒಳಗಿಂದ ಅವರ ಹೆಂಡತಿ, "ಅಂಗಾರೆ ಡ್ಯೂಟಿಗೇ ಓಗಿ. ನನ್ ತಲೆ ತಿನ್ನೋದಾದ್ರೂ ತಪ್ಪುತ್ತೆ" ಅಂದರು.

ಇಸ್ತ್ರಿ ಪ್ಯಾಂಟು ಹಾಕಿಕೊಂಡು ಹೊರಟೇಬಿಟ್ಟರು. ಕಾರ್ಖಾನೆ ಗೇಟಿನಲ್ಲಿ ಸೆಕ್ಯುರಿಟಿಯವನು ಕಂಪ್ಯೂಟರ್ ನೋಡಿ, "ಸಸ್ಪೆಂಡ್ ಆದೋರ್ನ ಬಿಡಂಗಿಲ್ಲ ಸಾ" ಎಂದು ಅಡ್ಡ ನಿಂತ. ಎಷ್ಟು ಹೇಳಿದರೂ ಕೇಳಲಿಲ್ಲ. ಕೊನೆಗೆ ವಿಸಿಟರ್ ಪಾಸ್ ಮಾಡಿಸಿ, ಯಾರನ್ನು ಕಾಣಬೇಕು ಅನ್ನುವ ಕಡೆ ಅವರ ಹೆಸರನ್ನೇ ಬರೆದೆ. ಅವನು ಸಲ್ಯೂಟ್ ಹೊಡೆದು ಬಿಟ್ಟ. ಯಜಮಾನರು ಹಾಜರಿ ಒತ್ತಿದರು, ಹಸಿರು ಅಕ್ಷರ ಮೂಡಿತು, ಲಾರಿಗಳು ಒಳಗೆ ಬಂದವು. ಅವರು ಸಂಜೆವರೆಗೂ ತಮ್ಮ ಹಳೇ ಕುರ್ಚಿ ಬಿಟ್ಟು ಏಳಲಿಲ್ಲ.

ಮಾರನೇ ದಿನ ಇಂಜಿನಿಯರ್ ಬರುವ ಹೊತ್ತಿಗೆ ಯಜಮಾನರು ಅವಳಿಗಿಂತ ಮೊದಲೇ ಬಂದು ಕೂತಿದ್ದರು. ಅವಳು ಮಧ್ಯಾಹ್ನದವರೆಗೆ ಏನೇನೋ ಕುಟ್ಟಿ, "ಇನ್ನು ನೀವು ಬರೋದು ಬೇಡ ಸರ್. ಸಿಬ್ಬಂದಿ ಪಟ್ಟಿಯಿಂದ ತೆಗೆದು ನಿಮ್ಮನ್ನ ಸರ್ವೀಸ್ ಅಕೌಂಟ್ ಮಾಡಿದೀನಿ, ಅಂದ್ರೆ ಮನುಷ್ಯರದಲ್ಲ, ಬರೀ ಪ್ರೋಗ್ರಾಮ್ ಬಳಸೋ ಖಾತೆ. ಹಾಜರಿ, ರಜ ಯಾವುದೂ ಇಲ್ಲ" ಅಂದಳು.

"ರಿಟೈರ್ಮೆಂಟು?"

"ಈ ಪ್ರೋಗ್ರಾಮ್ ಇರೋವರೆಗೂ ಇಲ್ಲ."

ಯಜಮಾನರ ಮುಖ ಅರಳಿತು. "ಕೇಳ್ದೇನ್ಲಾ, ಸರ್ವೀಸಲ್ಲೇ ಇವ್ನಿ!" ಎಂದು ನನ್ನ ಬೆನ್ನಿಗೆ ಬಾರಿಸಿ, ಎಲ್ಲರನ್ನೂ ಕ್ಯಾಂಟೀನಿಗೆ ಕರೆದೊಯ್ದು ಕಾಫಿ ಕೊಡಿಸಿದರು. ನಾನೂ ಕುಡಿದೆ. ಆದರೆ ಒಳಗೊಳಗೇ ಹೊಟ್ಟೆ ಉರಿಯುತ್ತಿತ್ತು. ನನ್ನನ್ನು ಇನ್ನೂ ಪರ್ಮನೆಂಟ್ ಮಾಡಿರಲಿಲ್ಲ.