ಅಮೃತಬಳ್ಳಿಯೊಳಗಿನ ಬೂಷ್ಟು

"ಅತ್ತಿ, ನಿಮ್ಮ ಅಮೃತಬಳ್ಳಿ ಒಳಗ ಬೂಷ್ಟು ಐತ್ರಿ!" ಪ್ರಯೋಗಾಲಯದಲ್ಲಿ ಪರೀಕ್ಷಿಸಲೆಂದು ಬಳ್ಳಿಯ ಒಂದು ತುಂಡು ಒಯ್ದಿದ್ದ, ಸಸ್ಯರೋಗಗಳ ಬಗ್ಗೆ ಓದುತ್ತಿರುವ ನನ್ನ ತಂಗಿಯ ಮಗಳು ಶಿಗ್ಗಾಂವದಿಂದ ಬಂದು ಹೀಗೆ ಸಂತೋಷದಿಂದ ಘೋಷಿಸಿದಾಗ, ಹಾನಗಲ್ಲಿನ ನಮ್ಮ ಅಡುಗೆಮನೆಯಲ್ಲಿ ಒಂದು ಸಾಮ್ರಾಜ್ಯವೇ ಕುಸಿಯಿತು. ಓಣಿಯಲ್ಲಿ ಯಾರಿಗೆ ಜ್ವರ ಬಂದರೂ ನಮ್ಮ ಹಿತ್ತಲಿನ ಆ ಬಳ್ಳಿಯ ಕಷಾಯವೇ ಹೋಗಬೇಕು. ಕಾಯಿಸುವವಳು ನನ್ನ ಹೆಂಡತಿ.

"ಬೂಷ್ಟು ಹಿಡದ ರೊಟ್ಟಿ ನಾ ಎಮ್ಮಿಗೂ ಹಾಕಂಗಿಲ್ಲ. ಮಂದಿಗೆ ಕುಡಸೇನೇನು?" ಎಂದವಳೇ ಕುಡುಗೋಲು ಹಿಡಿದು ಹಿತ್ತಲಿಗೆ ನಡೆದಳು.

ಹುಡುಗಿ ಬಳ್ಳಿಗೆ ಅಡ್ಡ ನಿಂತು ಮೊಬೈಲಿನಲ್ಲಿ ಒಂದು ಫೋಟೊ ತೋರಿಸಿದಳು. ಗಾಜಿನ ತಟ್ಟೆಯ ಒಂದು ಬದಿಗೆ ಬಳ್ಳಿಯೊಳಗಿನ ಬೂಷ್ಟು, ಇನ್ನೊಂದು ಬದಿಗೆ ಮೆಣಸಿನಕಾಯಿ ಕೊಳೆಸುವ ಬೂಷ್ಟು. ಕೊಳೆಸುವ ಬೂಷ್ಟು ಹಬ್ಬುತ್ತ ಬಂದು ಅರ್ಧ ದಾರಿಯಲ್ಲೇ ನಿಂತುಬಿಟ್ಟಿತ್ತು.

"ಒಳಗಿಂದು ಬಳ್ಳಿಗೆ ಕೇಡು ಮಾಡಂಗಿಲ್ರಿ ಅತ್ತಿ. ಅದು ಬಿಡೋ ರಸಕ್ಕ ಹೆದರಿ ಕೊಳಿರೋಗ ಮುಂದ ಬರವಲ್ದು. ಹೊಲದಾಗ ಹೆಂಗ ಅಂತ ಇನ್ನೂ ನೋಡಬೇಕ್ರಿ."

ಅಂಗಡಿಯಲ್ಲಿ ಇಳಕಲ್ ಸೀರೆಯ ಸೆರಗು ನೋಡುವಂತೆ ಹೆಂಡತಿ ಆ ಫೋಟೊವನ್ನು ಬಹಳ ಹೊತ್ತು ಪರೀಕ್ಷಿಸಿದಳು. "ಅಂದ್ರ ಬಾಡಿಗಿಗೆ ಇದ್ದಂವಾ ಮಾಲಕನ ಮನಿ ಕಾಯಾಕತ್ತಾನ ಅನ್ನು" ಎಂದು ಕುಡುಗೋಲು ಕೆಳಗಿಟ್ಟಳು.

ಬಳ್ಳಿ ಉಳಿಯಿತು, ಕಷಾಯವೂ ಮುಂದುವರಿದಿದೆ. ಬೂಷ್ಟಿನ ಸುದ್ದಿ ಮಾತ್ರ ಓಣಿಗೆ ತಿಳಿಯಕೂಡದೆಂದು ನನಗೆ ಕಟ್ಟಪ್ಪಣೆಯಾಗಿದೆ. ನಮ್ಮ ಓಣಿಯವರೆಲ್ಲ ಪತ್ರಿಕೆ ಓದುವುದು ನಮ್ಮ ಕಟ್ಟೆಯ ಮೇಲೆಯೇ. ಈ ಬರಹ ಅಚ್ಚಾದ ದಿನ ಪತ್ರಿಕೆ ಬರಲಿಲ್ಲವೆಂದು ಹೇಳುವುದಾಗಿ ನಿಶ್ಚಯಿಸಿದ್ದೇನೆ.