ಪಡುವಣಕ್ಕೆ ಮೂತಿಯಿದ್ದ ಹಣತೆ

ಆ ಹಣತೆ ಅಪ್ಪನ ಬಲೆಗೆ ಸಿಕ್ಕಿದ್ದು ನಾನು ಹುಟ್ಟುವ ಮೊದಲು. ನಮ್ಮ ಬೆಳಂಬಾರದ ಮನೆಗಳಲ್ಲಿ ಹಚ್ಚುವ ಬಾಯಿ ತೆರೆದ ಹಣತೆಯಂಥದ್ದಲ್ಲ. ಮೇಲೆ ಮಣ್ಣಿನದೇ ಮುಚ್ಚಳ, ಅದನ್ನು ಒಡಲಿಗೇ ಕೂಡಿಸಿ ಸುಟ್ಟಿದ್ದಾರೆ. ನಡುವೆ ಎಣ್ಣೆ ಹೊಯ್ಯಲು ತೂತು, ಒಂದು ಕಡೆ ಬತ್ತಿಗೆ ಉದ್ದನೆಯ ಮೂತಿ, ಹಿಂದೆ ಬೆರಳು ತೂರುವಷ್ಟು ಹಿಡಿಕೆ. ಕಾರವಾರದಲ್ಲಿ ನನ್ನ ಜೊತೆ ಕೆಲಸ ಮಾಡುವ ಇತಿಹಾಸದ ಮೇಷ್ಟ್ರು ನೋಡಿ, ಬಹಳ ಹಳೆಯದು, ಯಾವುದೋ ಹಡಗಿನದಿರಬೇಕು, ತೂಗಾಟಕ್ಕೆ ಎಣ್ಣೆ ಚೆಲ್ಲದಿರಲೆಂದು ಹೀಗೆ ಮಾಡಿದ್ದಾರೆ ಎಂದಿದ್ದರು. ಅಪ್ಪ ಆಗಲೇ ತೀರಿಕೊಂಡಿದ್ದ. ಆಯಿಗೆ, ನನ್ನ ಅಮ್ಮನಿಗೆ, ಹೇಳಿದೆ. ಹೂಂ ಎಂದು ಮೀನು ಹೆಚ್ಚುತ್ತ ಕೂತಳು.

ಆಮೇಲೊಂದು ವರ್ಷ, ಮಳೆಗಾಲ ಹಿಡಿಯುವ ಮೊದಲು, ನನ್ನ ತಮ್ಮ ಮೀನಿಗೆ ಹೋಗಿದ್ದ ಬೋಟು ಮಗುಚಿತು. ಜೊತೆಗಿದ್ದವರು ಈಜಿ ಬಂದರು. ತಮ್ಮ ಬರಲಿಲ್ಲ, ಹೆಣವೂ ಸಿಗಲಿಲ್ಲ. ಆಯಿ ಅಟ್ಟದಿಂದ ಆ ಹಣತೆ ಇಳಿಸಿ ಜಗಲಿಯ ಮೇಲಿಟ್ಟು, ಮೂತಿಯನ್ನು ಸಮುದ್ರದ ಕಡೆಗೆ ತಿರುಗಿಸಿ ದಿನಾ ಸಂಜೆ ಹಚ್ಚತೊಡಗಿದಳು.

“ಇದು ಎಷ್ಟ್ ಕಾಲ ನೀರಲ್ಲಿ ಇತ್ತೇನ. ಬಂತಲ್ಲ,” ಅಂದಳು.

ಹಡಗಿನವರ ಜಾಣತನವೆಲ್ಲ ಎಣ್ಣೆಗಷ್ಟೇ, ಉರಿಗೆ ಮರೆಯಿರಲಿಲ್ಲ. ಪಡುಗಾಳಿಗೆ ದೀಪ ಆರುತ್ತಿತ್ತು, ಆಯಿ ಮತ್ತೆ ಹಚ್ಚುತ್ತಿದ್ದಳು. ತಮ್ಮನ ಪಾಲಿನ ಅನ್ನ, ಸಾರು ತೆಗೆದಿಟ್ಟು ಕಾಯುತ್ತಿದ್ದಳು. ಬೆಳಿಗ್ಗೆ ಆ ತಂಗಳನ್ನೇ ತಾನು ಉಣ್ಣುತ್ತಿದ್ದಳು. ಕಡ್ಡಿಯಂತಾದಳು. ರವಿವಾರ ಅಂಕೋಲೆಯಲ್ಲಿ ಬಸ್ಸಿಳಿದು ಮನೆಗೆ ಹೋಗುವಷ್ಟರಲ್ಲೇ ನನಗೆ ಸಿಟ್ಟು ಏರಿರುತ್ತಿತ್ತು. ಹೋದವನ ಹಿಂದೆ ಇವಳೂ ಹೋಗುತ್ತಾಳೆಂಬ ಭಯವದು.

ವರ್ಷ ಕಳೆದ ಮೇಲೆ ಸೋದರಮಾವ ಬಂದು, ಹೆಣದ ಬದಲು ದರ್ಭೆಯ ಗೊಂಬೆ ಮಾಡಿ ಕ್ರಿಯೆ ಮುಗಿಸೋಣ ಎಂದ. ಸತ್ತವರ ತಲೆದೆಸೆಯಲ್ಲಿ ಇಡುವಂತೆ ದೀಪದ ಮೂತಿಯನ್ನು ದಕ್ಷಿಣಕ್ಕೆ, ಯಮನ ದಿಕ್ಕಿಗೆ, ತಿರುಗಿಸಿ ಇಡಬೇಕು ಎಂದೂ ಹೇಳಿದ. ಬದುಕಿದ್ದವರ ಮನೆಯಲ್ಲಿ ಯಾರೂ ಹಾಗೆ ಇಡುವುದಿಲ್ಲ. ನಾನು ಮಾವನ ಪಕ್ಷ.

“ದಕ್ಷಿಣಕ್ಕೆ ಮಾಡೇ ಆಯಿ. ಅವನಿಗೂ ದಾರಿ ಆಗ್ತದೆ.”

“ಅಂವ ದಕ್ಷಿಣಕ್ಕೆ ಹೋಗ್ಲಿಲ್ಲ. ಪಡುವಕ್ಕೆ ಹೋದಂವ.”

ಮಾವ ಟೀ ಕುಡಿದು ಹೋದ. ಆಯಿ ಹಿಡಿದ ಮೊಲಕ್ಕೆ ಮೂರೇ ಕಾಲು. ನಾನೂ ಅವಳ ಮಗಳೇ. ಪ್ರತಿ ರವಿವಾರ ಅದೇ ಮಾತು ಎತ್ತಿದೆ, ಪ್ರತಿ ರವಿವಾರ ಅವಳು ಎದ್ದು ಒಳಗೆ ಹೋದಳು.

ಈ ಸಲದ ಮಳೆಗಾಲದಲ್ಲಿ ಒಂದು ಸಂಜೆ ಹೋದಾಗ ಹಣತೆಯ ಮೂತಿ ದಕ್ಷಿಣಕ್ಕಿತ್ತು. ಉರಿ ಅಲ್ಲಾಡದೆ ನಿಂತಿತ್ತು. ನಾನು ಚಪ್ಪಲಿ ಬಿಡುವುದನ್ನೂ ಮರೆತು ನಿಂತೆ.

“ಗಾಳಿ ಹೆಚ್ಚಾಯ್ತು,” ಎಂದಳು ಆಯಿ. “ಆ ಬದಿಗೆ ನಿಲ್ಲೂದಿಲ್ಲ ಅದು.”

ಒಳಗೆ ಎರಡೇ ತಾಟು ಹಾಕಿದ್ದಳು. ಪಾಲು ತೆಗೆದಿಟ್ಟಿರಲಿಲ್ಲ. ನಾನು ಬಯಸಿದ್ದೇ ಆಗಿತ್ತು. ಆದರೆ ನನ್ನ ತಮ್ಮ ಸತ್ತದ್ದು ನನಗೆ ಗೊತ್ತಾದದ್ದು ಆಗಲೇ. ಜಗಲಿಗೆ ಓಡಿ, ಹಣತೆಯನ್ನು ಮತ್ತೆ ಪಡುವಣಕ್ಕೆ ತಿರುಗಿಸಲು ಕೈ ಚಾಚಿದೆ.

“ಮುಟ್ಟಬೇಡ ಮಗಾ,” ಆಯಿ ಹಿಂದಿನಿಂದ ಬಂದು ನನ್ನ ಕೈ ಹಿಡಿದಳು. “ಸುಡ್ತದೆ.”